ಕೊತ್ತಂಬರಿ ಸೊಪ್ಪಿನ ಅರ್ಥಶಾಸ್ತ್ರ

ಕರ್ನಾಟಕದಲ್ಲಿ ಕೊತ್ತಂಬರಿ ಸೊಪ್ಪಿನ ಬೆಲೆಯನ್ನು ಹದ್ದುಬಸ್ತಿನಲ್ಲಿಟ್ಟಿರುವುದು ಎಪಿಎಂಸಿಯೂ ಅಲ್ಲ, ಸರ್ಕಾರವೂ ಅಲ್ಲ. ಆ ಕೆಲಸವನ್ನು ಸಂಬಳವಿಲ್ಲದೆ, ರಜೆಯಿಲ್ಲದೆ ಮಾಡುತ್ತಿರುವವರು ನಮ್ಮ ನಿವೃತ್ತರು. ಬೆಳಿಗ್ಗೆ ಆರೂವರೆಗೆ ಮಂಕಿ ಟೋಪಿ ಹಾಕಿಕೊಂಡು, ಬಟ್ಟೆ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಡುವ ಈ ಪಡೆ, ತಳ್ಳುಗಾಡಿ ಕಂಡಲ್ಲೆಲ್ಲ ನಿಂತು ವಿಚಾರಣೆ ನಡೆಸುತ್ತದೆ.

“ಏನಮ್ಮಾ, ಕಟ್ಟು ಎಷ್ಟು?”

“ಹತ್ತು ಸ್ವಾಮಿ.”

“ನಿನ್ನೆ ಎಂಟು ಅಂದಿದ್ದೆ?”

“ರಾತ್ರಿ ಮಳೆ ಬಂತಲ್ಲ ಸ್ವಾಮಿ.”

“ಮಳೆ ಬಂದರೆ ಸೊಪ್ಪು ಜಾಸ್ತಿ ಬೆಳೀಬೇಕು. ಆರಕ್ಕೆ ಕೊಡು.”

ಎಂಟಕ್ಕೆ ವ್ಯವಹಾರ ಕುದುರುತ್ತದೆ. ಜೊತೆಗೆ ಎರಡೆಸಳು ಕರಿಬೇವು ಬಿಟ್ಟಿ. ಉಳಿತಾಯ ಎರಡು ರೂಪಾಯಿ. ಆ ಎರಡು ರೂಪಾಯಿಯ ಗೆಲುವನ್ನು ಪಾರ್ಕಿನ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ವರ್ಣಿಸಲಾಗುತ್ತದೆ.

ಈ ಮಹನೀಯರನ್ನು ಯಜಮಾನರು ಎಂದು ಕರೆಯೋಣ. ಊರು, ಇಲಾಖೆ, ಪಂಗಡ ಯಾವುದು ಬೇಕೋ ಹಾಕಿಕೊಳ್ಳಿ, ಎಲ್ಲಕ್ಕೂ ಹೊಂದುತ್ತಾರೆ. ಸೇವೆಯಲ್ಲಿದ್ದಾಗ ಇವರದು ಲೆಕ್ಕಪತ್ರ ವಿಭಾಗ. ಯಾರದೋ ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿ ಹನ್ನೆರಡು ರೂಪಾಯಿ ಹೆಚ್ಚು ಕಂಡರೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ಕಡತವನ್ನು ವಾಪಸು ಕಳಿಸಿದವರು. ಇಡೀ ಜಿಲ್ಲೆಯ ವೋಚರುಗಳು ಇವರ ಕಣ್ಣ ಕೆಳಗೆ ಹಾದುಹೋಗಿವೆ. ಇಂಥವರನ್ನು ಹಿಡಿದು ನಿಲ್ಲಿಸಿ, “ನಿಮ್ಮ ಮನೆಯ ಖರ್ಚು ತಿಂಗಳಿಗೆ ಎಷ್ಟು ಬರುತ್ತೆ ಸಾರ್?” ಎಂದು ಕೇಳಿ ನೋಡಿ.

“ಏನ್ ಮಹಾ, ನಾವಿಬ್ಬರೇ ಅಲ್ವಾ? ಇಪ್ಪತ್ತೋ ಇಪ್ಪತ್ತೈದೋ ಸಾವಿರ.”

ಆಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. ಖಾತೆಯಿಂದ ಹೋಗಿರುವುದು ಅದರ ಇಮ್ಮಡಿ. ಕಳ್ಳತನವೇನೂ ಆಗಿಲ್ಲ. ಯಜಮಾನರು ಲೆಕ್ಕಕ್ಕೆ ಹಿಡಿದಿರುವುದು ಹಾಲು, ತರಕಾರಿ, ಪೇಪರು, ದಿನಸಿ ಮಾತ್ರ. ಮಿಕ್ಕಿದ್ದೆಲ್ಲ ಅವರ ಪ್ರಕಾರ ಖರ್ಚೇ ಅಲ್ಲ, “ಅದು ಬೇರೆ”. ಮನೆ ಕಂದಾಯ ವರ್ಷಕ್ಕೊಮ್ಮೆ ಬರುವುದು, ಹಾಗಾಗಿ ಅದು ಬೇರೆ. ಆರೋಗ್ಯ ವಿಮೆಯ ಕಂತು ಬೇರೆ. ಸಂಪು ಸೋರಿತು, ರಿಪೇರಿ ಮಾಡಿಸಿದ್ದು ಬೇರೆ. ಸೋದರತ್ತೆಯ ಮೊಮ್ಮಗಳ ಮದುವೆಗೆ ಓದಿಸಿದ ಮುಯ್ಯಿ ಬೇರೆ. ವೈಶಾಖದ ಒಂದೇ ಲಗ್ನದಲ್ಲಿ ಮೂರು ಮದುವೆ, ಎರಡು ಗೃಹಪ್ರವೇಶ ಬಿದ್ದರೆ ಕವರುಗಳಲ್ಲೇ ಒಂದು ತಿಂಗಳ ದಿನಸಿ ಹೋಗುತ್ತದೆ. ಆದರೆ ಅದು ಮರ್ಯಾದೆ. ಮರ್ಯಾದೆಗೆ ವೋಚರ್ ಇಲ್ಲ. ಪ್ರತಿ ತಿಂಗಳೂ ಯಾವುದೋ ಒಂದು “ಬೇರೆ” ಬಂದೇ ಬರುತ್ತದೆ ಎಂಬುದು ಮಾತ್ರ ಈ ಲೆಕ್ಕಿಗರ ಗಮನಕ್ಕೆ ಬಂದಿಲ್ಲ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಪಾರ್ಕಿನ ಬೆಂಚುಗಳು ವಾರಗಟ್ಟಲೆ ಕುದಿದವು. ದಿನಕ್ಕೆ ಒಂದು ಲೀಟರ್ ಎಂದರೆ ವರ್ಷಕ್ಕೆ 1,460 ರೂಪಾಯಿ ಹೆಚ್ಚುವರಿ ಎಂದು ಬಾಯಲ್ಲೇ ಲೆಕ್ಕ ಒಪ್ಪಿಸಿದವರಿದ್ದಾರೆ. ಮರುದಿನದಿಂದ ಸಂಜೆಯ ಕಾಫಿ ಬೈಟು ಆಯಿತು, ಅದೂ ಮನೆಯಲ್ಲೇ. ಅದೇ ವರ್ಷದ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಆದೇಶ ಹೊರಡಿಸಿತ್ತು: ಹಿರಿಯ ನಾಗರಿಕರ ಆರೋಗ್ಯ ವಿಮೆಯ ಕಂತನ್ನು ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ತನ್ನನ್ನು ಕೇಳಬೇಕು. ಹಿರಿಯರಿಗೆ ರಕ್ಷಣೆ ಸಿಕ್ಕಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಕೇಳದೆಯೇ ಶೇಕಡ 10 ಏರಿಸುತ್ತಾ ಹೋದರೂ 50,000ದ ಕಂತು ಏಳೆಂಟು ವರ್ಷದಲ್ಲಿ ಲಕ್ಷ ಮುಟ್ಟುತ್ತದೆ ಎಂಬ ಲೆಕ್ಕವನ್ನು ಯಾವ ಬೆಂಚೂ ಹಾಕಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡ 18 ಜಿಎಸ್‌ಟಿ ಹೋಯಿತಲ್ಲ, ಅದನ್ನು ಮಾತ್ರ ಯಜಮಾನರು ಸ್ವಂತ ಹೋರಾಟದಿಂದ ಗಳಿಸಿದ್ದೆಂಬಂತೆ ಹೇಳಿಕೊಳ್ಳುತ್ತಾರೆ.

ಔಷಧದ ಅಂಗಡಿಗೆ ಬಂದರೆ ಇದೇ ವ್ಯಕ್ತಿ ಬೇರೆಯೇ ಅವತಾರ. ಬಿಪಿಗೆ ಒಂದು, ಸಕ್ಕರೆಗೆ ಎರಡು, ಕೊಲೆಸ್ಟರಾಲಿಗೆ ಒಂದು, ಗ್ಯಾಸಿಗೆ ಒಂದು. ಸಾಯುವ ತನಕ ನುಂಗಬೇಕಾದ ಈ ಮಾತ್ರೆಗಳು ಜನೌಷಧಿ ಮಳಿಗೆಯಲ್ಲಿ ಬ್ರ್ಯಾಂಡಿನ ಅರ್ಧ ಬೆಲೆಗಿಂತಲೂ ಕಡಿಮೆಗೆ ಸಿಗುತ್ತವೆ. ವೈದ್ಯರನ್ನು ಒಂದು ಮಾತು ಕೇಳಿ ಬದಲಾಯಿಸಿಕೊಳ್ಳಬಹುದು. ಆದರೆ ಯಜಮಾನರು ಮೂಗು ಮುರಿಯುತ್ತಾರೆ: “ಅಷ್ಟು ಅಗ್ಗಕ್ಕೆ ಕೊಡ್ತಾರೆ ಅಂದರೆ ಏನೋ ಇರಬೇಕು.” ಎಂಟು ರೂಪಾಯಿಯ ಸೊಪ್ಪಿನಲ್ಲಿ ಇಲ್ಲದ ಅನುಮಾನ ಇಲ್ಲಿ ಹುಟ್ಟುತ್ತದೆ. ಚೌಕಾಸಿ ಮಾಡಿದರೆ ನಿಜಕ್ಕೂ ಸಾವಿರಗಟ್ಟಲೆ ಉಳಿಯುವ ಒಂದೇ ಒಂದು ಜಾಗದಲ್ಲಿ ಅವರು ಧಾರಾಳಿ.

ಎರಡನೆಯ ಧಾರಾಳ ಶೆಡ್ಡಿನಲ್ಲಿ ಬೂದು ಬಣ್ಣದ ಹೊದಿಕೆ ಹೊದ್ದು ಮಲಗಿದೆ. ಭಾನುವಾರ ಬೆಳಿಗ್ಗೆ ಯಜಮಾನರು ಹೊದಿಕೆ ತೆಗೆದು, ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ, ಡ್ಯಾಶ್‌ಬೋರ್ಡಿನ ಪುಟ್ಟ ಗಣಪತಿಗೆ ಕೈಮುಗಿದು, ಬ್ಯಾಟರಿ ಕೂರದಿರಲೆಂದು ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು, ಮತ್ತೆ ಹೊದಿಸಿ ಬರುತ್ತಾರೆ. ವರ್ಷಕ್ಕೆ ಓಡುವುದು ಸಾವಿರ ಕಿಲೋಮೀಟರ್ ಇದ್ದೀತು. ವಿಮೆ, ಸರ್ವೀಸು, ಹೊಗೆ ತಪಾಸಣೆ, ಬ್ಯಾಟರಿ, ನಿಂತಲ್ಲೇ ಬಿರುಕು ಬಿಡುವ ಟೈರು ಎಲ್ಲ ಸೇರಿ ವರ್ಷಕ್ಕೆ 30,000 ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ ಮೊದಲೇ ಕಿಲೋಮೀಟರಿಗೆ 30 ರೂಪಾಯಿ ಆಯಿತು. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೊ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಮೀಟರ್ ಹಾಕುವ ಆಟೊದವರು ಸಿಗುವುದಿಲ್ಲ ಎನ್ನುತ್ತೀರಾ? ಒನ್ ಅಂಡ್ ಹಾಫ್ ಕೊಟ್ಟರೂ 27 ದಾಟುವುದಿಲ್ಲ. ಆದರೂ ಹೆಂಡತಿ ಮಂಡಿನೋವಿಗೆ ಆಟೊ ಹತ್ತೋಣವೆಂದರೆ ಅದು ದುಂದು. ಕಾರು ಮಾತ್ರ ಆಸ್ತಿ.

ಇನ್ನು ವರಮಾನದ ಕಡೆಗೆ ಬರೋಣ. ರಾಜ್ಯ ಸರ್ಕಾರ 2008ರಲ್ಲಿ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಆ ಎರಡು ವರ್ಷ ಹೆಚ್ಚು ದುಡಿದು ಹೊರಬಂದವರಲ್ಲಿ ಹಳೆಯ ಪಿಂಚಣಿಯವರು ಭಾಗ್ಯವಂತರು. ಬೆಲೆ ಏರಿದಂತೆ ಇವರಿಗೆ ತುಟ್ಟಿಭತ್ಯೆಯೂ ಏರುತ್ತದೆ. ದೇಶದಲ್ಲಿ ಈರುಳ್ಳಿ ಬೆಲೆ ಏರಿದ್ದಕ್ಕೆ ಸರ್ಕಾರದಿಂದ ಪರಿಹಾರ ಪಡೆಯುವ ಕೆಲವೇ ಜನರಲ್ಲಿ ಇವರೂ ಸೇರಿದ್ದಾರೆ. ಈರುಳ್ಳಿ ಬೆಲೆಯ ಬಗ್ಗೆ ಅತಿ ಹೆಚ್ಚು ಸಂಕಟಪಡುವವರೂ ಇವರೇ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವು ಜೀವಂತ ಇದ್ದೇವೆಂದು ಪ್ರಮಾಣಪತ್ರ ಕೊಟ್ಟರೆ ಮುಗಿಯಿತು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಬೆರಳೊತ್ತಿದರೂ ಆಯಿತು, ಈಗೀಗ ಮೊಬೈಲಿಗೆ ಮುಖ ತೋರಿಸಿದರೂ ನಡೆಯುತ್ತದೆ. ಯಜಮಾನರು ಮುಖ ತೋರಿಸಿ ಜೀವಂತ ಎನಿಸಿಕೊಂಡು ಬಂದು, ಉಳಿದ ಹನ್ನೊಂದು ತಿಂಗಳು ಅದಕ್ಕೆ ಯಾವ ಪುರಾವೆಯನ್ನೂ ಒದಗಿಸುವುದಿಲ್ಲ.

ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಇನ್ನೊಂದು ಸೌಲಭ್ಯ ಉಂಟು. 80 ತುಂಬಿದರೆ ಮೂಲ ಪಿಂಚಣಿಯ ಶೇಕಡ 20 ಹೆಚ್ಚುವರಿ, 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿತೋ, ಮೂಲ ಪಿಂಚಣಿ ದುಪ್ಪಟ್ಟು! ಸರ್ಕಾರಕ್ಕೆ ತನ್ನ ಲೆಕ್ಕ ಚೆನ್ನಾಗಿ ಗೊತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೈಕಾಲು ಗಟ್ಟಿಯಿರುವಾಗ ಖರ್ಚು ಮಾಡದ ನಮ್ಮ ಯಜಮಾನರು ಆ ನೂರನೆಯ ವರ್ಷದ ಹಣಕ್ಕೂ ಈಗಲೇ ಒಂದು ಠೇವಣಿ ಯೋಚಿಸಿಟ್ಟಿದ್ದಾರೆ.

ಆಮೇಲಿನ ತಲೆಮಾರಿನ ಕಥೆ ಬೇರೆ. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರು ಎನ್‌ಪಿಎಸ್ ಪಾಲಾದರು. ನಿವೃತ್ತಿಯ ದಿನ ಗಂಟಿನ ಶೇಕಡ 60 ಕೈಗೆ, ಶೇಕಡ 40 ತಿಂಗಳ ಪಿಂಚಣಿ ಕೊಡುವ ಆನ್ಯುಟಿಗೆ. ಆ ಆನ್ಯುಟಿಗೆ ತುಟ್ಟಿಭತ್ಯೆ ಎಂಬುದಿಲ್ಲ, 60ರಲ್ಲಿ ಬಂದಷ್ಟೇ 85ರಲ್ಲೂ. ಇನ್ನು ಪೀಣ್ಯದ ಕಾರ್ಖಾನೆಯಲ್ಲೋ, ಖಾಸಗಿ ಕಂಪನಿಯ ಸ್ಟೋರಿನಲ್ಲೋ ಜೀವಮಾನ ಕಳೆದವರಿಗೆ ಇಪಿಎಸ್-95 ಇದೆ. 2014ರ ಸೆಪ್ಟೆಂಬರಿನಲ್ಲಿ ಅದರ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿಗೆ ನಿಗದಿ ಮಾಡಿದರು. ಈ ಸಾವಿರ ರೂಪಾಯಿಯವರು ಕೊತ್ತಂಬರಿಗೆ ಚೌಕಾಸಿ ಮಾಡಿದರೆ ನಗುವ ಹಕ್ಕು ಯಾರಿಗೂ ಇಲ್ಲ. ಅವರದು ಮಿತವ್ಯಯವಲ್ಲ, ಬಡತನ. ಈ ಬರಹದ ಬಾಣ ಇರುವುದು ಬೇಕಾದಷ್ಟು ಇಟ್ಟುಕೊಂಡೂ ಇಲ್ಲದವರಂತೆ ನಟಿಸುವವರ ಕಡೆಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದನ್ನು ಇವರು ಅರ್ಧ ಕೇಳಿಸಿಕೊಂಡಿದ್ದಾರೆ. ಕಿಂಗ್ ಸೈಜ್ ಮಂಚದ ಮೂಲೆಯಲ್ಲಿ ಮುದುಡಿ ಮಲಗುತ್ತಾರೆ.

ಹಾಗಾದರೆ ಹಣ ಎಲ್ಲಿದೆ? ಠೇವಣಿಯಲ್ಲಿದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರ ಬಜೆಟ್ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡ 8.2ರ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ ಬರುತ್ತದೆ. ಯೋಜನೆ ಮಾಡಿದವರ ಉದ್ದೇಶ ಹಿರಿಯರು ಆ ಹಣದಲ್ಲಿ ನೆಮ್ಮದಿಯಾಗಿ ಉಂಡುಟ್ಟು ಇರಲಿ ಎಂದು. ಯಜಮಾನರು ಏನು ಮಾಡುತ್ತಾರೆ? ಬಡ್ಡಿ ಬಂದ ಮರುದಿನವೇ ಅಂಚೆ ಕಚೇರಿಯಿಂದ ತೆಗೆದು ಎದುರಿನ ಬ್ಯಾಂಕಿನಲ್ಲಿ ಎಫ್‌ಡಿ ಮಾಡುತ್ತಾರೆ. ಆ ಎಫ್‌ಡಿಯ ಬಡ್ಡಿ ಸೇರಿದರೆ ಮತ್ತೊಂದು ಎಫ್‌ಡಿ. ಹಾಗೆ ಹುಟ್ಟಿದ ರಸೀದಿಗಳಿಗೆ ಒಂದು ವಂಶವೃಕ್ಷವೇ ಇದೆ. ಅಜ್ಜ ಠೇವಣಿ, ಮಗ ಠೇವಣಿ, ಮೊಮ್ಮಗ ಠೇವಣಿ, ಎಲ್ಲವೂ ಬೀರುವಿನಲ್ಲಿ ಒಂದೇ ಪ್ಲಾಸ್ಟಿಕ್ ಕವರಿನೊಳಗೆ ಅವಿಭಕ್ತ ಕುಟುಂಬ.

ಮಗ ಒಮ್ಮೆ ನ್ಯೂಜೆರ್ಸಿಯಿಂದ ಫೋನಿನಲ್ಲಿ ಉಪದೇಶ ಮಾಡಿದ. ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಒಂದು ಲೆಕ್ಕ ಹಾಕಿದ್ದಾರಂತೆ: ನಿವೃತ್ತಿಯ ಮೊದಲ ವರ್ಷ ಗಂಟಿನ ಶೇಕಡ 4 ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಆ ಮೊತ್ತವನ್ನು ಏರಿಸುತ್ತಾ ಹೋದರೂ 30 ವರ್ಷ ಗಂಟು ಬರಿದಾಗದು. ಅದು ಅಮೆರಿಕದ ಷೇರು, ಅಲ್ಲಿನ ಸಾಲಪತ್ರ, ಅಲ್ಲಿನ ಬೆಲೆಗಳ ಮೇಲೆ ನಿಂತ ಲೆಕ್ಕ, ನಮ್ಮ ಮನೆಗೆ ಹಾಗೇ ತಂದು ಕೂರಿಸಲು ಬರುವುದಿಲ್ಲ ನಿಜ. ಆದರೆ ಯಜಮಾನರು ಆ ಆಕ್ಷೇಪದ ತನಕ ಹೋಗಲೇ ಇಲ್ಲ. “ಅಂದರೆ ಅಸಲಿಗೇ ಕೈ ಹಾಕೋದಾ?” ಎಂದು ಕೇಳಿದ ಅವರ ದನಿಯಲ್ಲಿ ದೇವರ ಹುಂಡಿ ಒಡೆಯಲು ಹೇಳಿದಷ್ಟು ಗಾಬರಿ. ಬಡ್ಡಿ ತಿನ್ನಬಹುದು, ಅಸಲು ಮುಟ್ಟಬಾರದು ಎಂಬುದು ನಮ್ಮ ಮಧ್ಯಮ ವರ್ಗದ ಏಕೈಕ ಸ್ಮೃತಿಗ್ರಂಥ. ಯಜಮಾನರು ಅದಕ್ಕೂ ಒಂದು ಹೆಜ್ಜೆ ಮುಂದೆ. ಅವರು ಬಡ್ಡಿಯನ್ನೂ ತಿನ್ನುವುದಿಲ್ಲ.

ಅಸಲನ್ನು ಯಾರೂ ಮುಟ್ಟದಿದ್ದರೂ ಬೆಲೆಯೇರಿಕೆ ಮುಟ್ಟುತ್ತಲೇ ಇರುತ್ತದೆ. 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಖರ್ಚು ಇಮ್ಮಡಿಯಾಗುತ್ತದೆ ಎಂಬ ಅಂದಾಜು ಸಿಗುತ್ತದೆ. ಶೇಕಡ 6 ಎಂದರೆ 12 ವರ್ಷ. 60ರಲ್ಲಿ ತಿಂಗಳಿಗೆ 50,000 ಬೇಕಾದ ಮನೆಗೆ 72ರಲ್ಲಿ ಲಕ್ಷ, 84ರಲ್ಲಿ ಎರಡು ಲಕ್ಷ. ತುಟ್ಟಿಭತ್ಯೆಯಿಲ್ಲದ ಮನೆಗೆ ಇದು ನಿಜವಾದ ಗಂಡಾಂತರ. ಇದನ್ನು ಎದುರಿಸಬೇಕಾದರೆ ಮೊದಲು ತಿಂಗಳಿಗೆ ಎಷ್ಟು ಬೇಕು ಎಂಬ ಅಂಕಿ ಕೈಯಲ್ಲಿರಬೇಕು. ಯಜಮಾನರ ಕೈಯಲ್ಲಿರುವುದು ಕೊತ್ತಂಬರಿ ಕಟ್ಟು. ಅಂಕಿ ಗೊತ್ತಿಲ್ಲದ ಮೇಲೆ ಎಷ್ಟಿದ್ದರೂ ಸಾಲದೆಂಬ ಭಯ. ಭಯ ಬಂದ ಮೇಲೆ ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುವವರ ಬಾಗಿಲಿಗೆ ಓಟ.

ಆ ಓಟದ ಫಲವನ್ನು ಬಸವನಗುಡಿ ಕಣ್ಣಾರೆ ಕಂಡಿದೆ. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬ ಗ್ರಾಹಕ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಸಾಲು ನಿಂತವರಲ್ಲಿ ನಿವೃತ್ತಿಯ ಇಡುಗಂಟನ್ನು ಪೂರ್ತಿ ಅಲ್ಲೇ ಇಟ್ಟಿದ್ದ ವೃದ್ಧರು ಎಷ್ಟೋ ಮಂದಿ. ಆಗ ಠೇವಣಿ ವಿಮೆ ಇದ್ದದ್ದು ಒಂದು ಲಕ್ಷಕ್ಕೆ ಮಾತ್ರ, ಮುಂದಿನ ತಿಂಗಳು ಅದು 5 ಲಕ್ಷಕ್ಕೇರಿತು. ಮೋಸ ಹೋದವರನ್ನು ಆಡಿಕೊಳ್ಳುವುದು ಪಾಪ. ಆದರೆ ಉಳಿದ ನಾವು ಕಲಿತದ್ದೇನು? ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ಹುಳು ಹುಡುಕುವವರು, ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಕುಲುಕಿ ನೀರು ಅಳೆಯುವವರು, 40 ಲಕ್ಷ ಇಡುವ ಮುನ್ನ ಕೇಳುವುದು ಒಂದೇ ಪ್ರಶ್ನೆ: “ನಮ್ಮವರ ಬ್ಯಾಂಕೇ ತಾನೇ?”

ಈಗ ಅಷ್ಟು ದೂರ ನಡೆದು ಹೋಗುವ ಶ್ರಮವೂ ಇಲ್ಲ. ಕಳ್ಳನೇ ವಿಡಿಯೊ ಕಾಲ್ ಮಾಡುತ್ತಾನೆ. ಖಾಕಿ ಅಂಗಿ, ಹಿಂದೆ ಇಲಾಖೆಯ ಲಾಂಛನ, ಒರಟು ಹಿಂದಿ. “ಡಿಜಿಟಲ್ ಅರೆಸ್ಟ್” ಎಂಬುದು ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಆದರೂ ಸೊಪ್ಪಿನವಳ ಮಾತನ್ನು ಒಂದು ದಿನವೂ ನಂಬದ ಯಜಮಾನರು ಆ ಖಾಕಿಯನ್ನು ಕಂಡೊಡನೆ “ಯೆಸ್ ಸಾರ್” ಎಂದು ಎದ್ದು ನಿಂತು, ಅಜ್ಜ ಠೇವಣಿಯಿಂದ ಮೊಮ್ಮಗ ಠೇವಣಿಯವರೆಗೆ ಒಂದೊಂದನ್ನೇ ಮುರಿದು ಕಳಿಸುತ್ತಾರೆ. ಹೆಂಡತಿಗೆ ಒಂದು ಮಾತೂ ಹೇಳುವುದಿಲ್ಲ. ಹಣದ ವಿಷಯ ಹೆಂಗಸರಿಗೆ ಯಾಕೆ?

ಹೆಂಗಸರ ವಿಷಯ ಬಂತು. ಈ ಮನೆಯಲ್ಲಿ ನಿಜವಾದ ಲೆಕ್ಕ ಗೊತ್ತಿರುವುದು ಯಜಮಾನಿಗೆ ಒಬ್ಬಳಿಗೇ. ಅಡುಗೆಮನೆಯ ಬಾಗಿಲ ಹಿಂದೆ ನೇತಾಡುವ ಕ್ಯಾಲೆಂಡರಿನಲ್ಲಿ ಹಾಲಿನ ಪ್ಯಾಕೆಟ್ಟು, ಗ್ಯಾಸ್ ಬಂದ ದಿನ, ಹೂವಿನವಳ ಬಾಕಿ, ಕೆಲಸದವಳು ತೆಗೆದುಕೊಂಡ ಮುಂಗಡ ಎಲ್ಲವೂ ಪೆನ್ಸಿಲ್ಲಿನಲ್ಲಿ ಇವೆ. ಸಾಸಿವೆ ಡಬ್ಬಿಯಲ್ಲಿ ಆಪದ್ಧನವೂ ಇದೆ. ಯಜಮಾನರು ನಿವೃತ್ತರಾದ ದಿನ ಹಾರ, ಶಾಲು, ಫಲತಾಂಬೂಲದ ತಟ್ಟೆ ಹಿಡಿದು ಮನೆಗೆ ಬಂದರು. ಆಕೆ ಆ ಶಾಲು ಮಡಿಸಿಟ್ಟು ಕಾಫಿಗೆ ನೀರಿಟ್ಟಳು. ಒಲೆಗೆ ನಿವೃತ್ತಿ 58ಕ್ಕೂ ಇಲ್ಲ, 60ಕ್ಕೂ ಇಲ್ಲ. ಬದಲಿಗೆ ಮೇಲ್ವಿಚಾರಣೆಗೆ ಒಬ್ಬ ಪೂರ್ಣಾವಧಿ ಸೂಪರಿಂಟೆಂಡೆಂಟರು ಸಿಕ್ಕರು: “ಲೇ, ಗ್ಯಾಸು ಹೋದ ಸಲ ನಲವತ್ತೆರಡು ದಿನ ಬಂದಿತ್ತಲ್ಲೇ, ಈ ಸಲ ಯಾಕೆ ಮೂವತ್ತೆಂಟಕ್ಕೇ ಮುಗೀತು?”

ಪ್ರವಾಸದ ಮಾತು ಕೇಳಿ. ರೈಲ್ವೆಯಲ್ಲಿ ಹಿರಿಯ ಗಂಡಸರಿಗೆ ಶೇಕಡ 40, ಹೆಂಗಸರಿಗೆ ಶೇಕಡ 50 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ನೆಪದಲ್ಲಿ ಹೋದದ್ದು ಮತ್ತೆ ಬರಲಿಲ್ಲ. ಅದರ ವಿರುದ್ಧ ಪ್ರತಿಭಟಿಸುವುದು ನ್ಯಾಯವೇ. ಯಜಮಾನರು ಪ್ರತಿಭಟಿಸುವ ರೀತಿ ಮಾತ್ರ ವಿಶಿಷ್ಟ. “ರೀ, ಕಾಶಿಗೆ ಹೋಗಿ ಬರೋಣ” ಎಂದು ಆಕೆ ಕೇಳಿದಾಗಲೆಲ್ಲ “ಕನ್ಸೆಷನ್ ಬರಲಿ ತಡಿಯೇ” ಎಂಬ ಉತ್ತರ. ಕನ್ಸೆಷನ್ ಬರಲಿಲ್ಲ, ಮಂಡಿನೋವು ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟ್ ಇಲ್ಲ, ಇವರಿಗೆ ಉಂಟು. ಈಗ ಧರ್ಮಸ್ಥಳ, ಹೊರನಾಡು, ಶೃಂಗೇರಿಗೆ ಆಕೆ ತಂಗಿಯರ ಜೊತೆ ಕೆಂಪು ಬಸ್ಸಿನಲ್ಲಿ ಹೋಗಿಬರುತ್ತಾಳೆ. ಇವರು ಬಸ್ ಸ್ಟ್ಯಾಂಡಿನ ತನಕ ಬಂದು ಚೀಲ ಎತ್ತಿಕೊಟ್ಟು ವಾಪಸಾಗುತ್ತಾರೆ. ಒಬ್ಬರ ಟಿಕೆಟ್ ದುಡ್ಡು ಉಳಿಯಿತಲ್ಲ! ಸರ್ಕಾರದ ಯಾವುದೇ ಯೋಜನೆ ಒಂದು ದಾಂಪತ್ಯದಲ್ಲಿ ಇಷ್ಟು ಶಾಂತಿ ತಂದದ್ದು ಅಪರೂಪ.

ಆಕೆಯ ನಾಳೆಯ ಲೆಕ್ಕವನ್ನು ಹಾಕಿದ್ದೀರಾ ಸ್ವಾಮಿ? ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿ ನೌಕರನಿಗೆ ಕೊನೆಯ ಮೂಲವೇತನದ ಅರ್ಧ, ಆತ ಹೋದ ಮೇಲೆ ಸಾಮಾನ್ಯ ದರದ ಕುಟುಂಬ ಪಿಂಚಣಿ ಶೇಕಡ 30. ಅಂದರೆ 100 ಬರುತ್ತಿದ್ದ ಮನೆಗೆ 60. ಮನೆ ಕಂದಾಯ, ಕರೆಂಟು, ಕೆಲಸದವಳು, ವಿಮೆ ಯಾವುದೂ ನಿಮ್ಮ ಗೌರವಾರ್ಥ ಶೇಕಡ 40 ಇಳಿಯುವುದಿಲ್ಲ. ಆ ಪ್ಲಾಸ್ಟಿಕ್ ಕವರಿನಲ್ಲಿ ಎಷ್ಟು ರಸೀದಿ ಇವೆ, ಯಾವುದಕ್ಕೆ ನಾಮಿನಿ ಯಾರು ಎಂಬುದು ಆಕೆಗೆ ಗೊತ್ತಿಲ್ಲ. ಹಳೆಯ ಒಂದೆರಡರಲ್ಲಿ ನಾಮಿನಿಯ ಹೆಸರು ತೀರಿಹೋದ ನಿಮ್ಮ ತಾಯಿಯವರದು. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರ ತನಕ ನಾಮಿನಿ ಹಾಕಲು ಅವಕಾಶ ಬಂದಿದೆ. ಮೊದಲ ಒಬ್ಬರನ್ನಾದರೂ ಸರಿಪಡಿಸಿ.

ಇಷ್ಟೆಲ್ಲ ಕೂಡಿಡುವುದು ಯಾರಿಗೆ ಎಂದರೆ ಸಿದ್ಧ ಉತ್ತರ ಒಂದಿದೆ: “ಮಕ್ಕಳಿಗೆ ಬೇಕಲ್ಲ.” ಯಜಮಾನರಿಗೆ 88, ಮಗನಿಗೆ 60. ಆಗ ತಲುಪುವ ಆಸ್ತಿ ಒಬ್ಬ ನಿವೃತ್ತನಿಂದ ಇನ್ನೊಬ್ಬ ನಿವೃತ್ತನಿಗೆ ವರ್ಗವಾಗುತ್ತದೆ, ಅಷ್ಟೇ. ಆ ಮಗನೂ ಅದನ್ನು ತೆಗೆದು ಎಫ್‌ಡಿ ಮಾಡುತ್ತಾನೆ, ಏಕೆಂದರೆ ಅವನಿಗೂ ಮಕ್ಕಳಿದ್ದಾರೆ. ಹೀಗೆ ಮೂರು ತಲೆಮಾರು ದುಡಿದದ್ದನ್ನು ಒಬ್ಬರೂ ಉಣ್ಣದೆ ದಾಟಿಸುವ ಈ ಪದ್ಧತಿಗೆ ನಮ್ಮಲ್ಲಿ ತ್ಯಾಗ ಎಂಬ ಗೌರವದ ಹೆಸರಿದೆ. ಪಾರ್ಥೇನಿಯಂ ಬೆಳೆದು ನಿಂತ ಸೈಟೊಂದು ಊರಾಚೆ ಆ ಮಗನಿಗಾಗಿ ಕಾಯುತ್ತಿದೆ. ಅವನಿಗೆ ಅದರ ನಂಬರೂ ನೆನಪಿಲ್ಲ, ದಾರಿಯೂ ಗೊತ್ತಿಲ್ಲ.

ಇದಕ್ಕೆ ತದ್ವಿರುದ್ಧ ಜಾತಿಯ ಯಜಮಾನರೂ ಇದ್ದಾರೆ. ತಮಗೆ ಅಂಗಿ ಹೊಲಿಸಲು ಮೂರು ತಿಂಗಳು ಯೋಚಿಸುವವರು, ಇರುವ ಮನೆಯನ್ನು ಒಂದೇ ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಗನ ಹೆಸರಿಗೆ ದಾನಪತ್ರ ಮಾಡಿ ಬರುತ್ತಾರೆ. ಆಮೇಲೆ ಹಾಲ್‌ನಿಂದ ಹಿಂದಿನ ಕೋಣೆಗೆ, ಕೋಣೆಯಿಂದ ವರಾಂಡಕ್ಕೆ ಬಡ್ತಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ ಆ ದಾನವನ್ನು ರದ್ದು ಮಾಡಿಸಬಹುದು. ನಮ್ಮಲ್ಲಿ ಆ ಅರ್ಜಿ ಉಪವಿಭಾಗಾಧಿಕಾರಿಯ ಮುಂದೆ ಹೋಗುತ್ತದೆ. ಆದರೆ ಷರತ್ತು ಪತ್ರದಲ್ಲಿ ಬರೆದಿರಬೇಕಲ್ಲ? “ಹೆತ್ತ ಮಗನ ಹತ್ತಿರ ಷರತ್ತೇ?” ಎನ್ನುವವರು ಸೊಪ್ಪಿನವಳ ಹತ್ತಿರ ಷರತ್ತಿಲ್ಲದೆ ಒಂದು ಕಟ್ಟನ್ನೂ ಕೊಂಡವರಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ವಕೀಲರ ಫೀಸು ಬೇರೆ ದಂಡ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿಂದಿನವರು. ನಿವೃತ್ತನಾಗಿ ನೋಡು ಎಂಬ ಮೂರನೆಯ ಮಾತು ಸೇರಿಸುವ ಕಾಲ ಬಂದಿದೆ. ಮದುವೆ ಮನೆಗಳ ಖರ್ಚು ಎದುರಿಗೆ ಬಂದು ನಿಂತು ಕೇಳುತ್ತದೆ. ಇಪ್ಪತ್ತೈದು ಮೂವತ್ತು ವರ್ಷದ ನಿವೃತ್ತಿಯ ಖರ್ಚು ಹಿಂಬಾಗಿಲಿನಿಂದ ಬರುತ್ತದೆ. ಮಾಡಬೇಕಾದದ್ದು ಬಹಳವಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಒಂದು ವರ್ಷ “ಬೇರೆ” ಎಂಬುದನ್ನೂ ಸೇರಿಸಿ ಬರೆಯಿರಿ, ಹನ್ನೆರಡರಿಂದ ಭಾಗಿಸಿ. ಬಂದ ಅಂಕಿಯೇ ನಿಮ್ಮ ಮನೆಯ ನಿಜವಾದ ತಿಂಗಳ ಖರ್ಚು. ಪಿಂಚಣಿ, ಬಡ್ಡಿ, ಬಾಡಿಗೆ ಸೇರಿ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ, ಬೆಲೆಯೇರಿಕೆಗೂ ಆಸ್ಪತ್ರೆಗೂ ಒಂದು ಪಾಲು ತೆಗೆದಿಟ್ಟು, ಮಿಕ್ಕಿದ್ದನ್ನು ಖರ್ಚು ಮಾಡಿ. ಮಂಡಿಗೆ ಆಟೊ, ಕಾಶಿಗೆ ಎಸಿ ಬೋಗಿ, ಪ್ಲಾಸ್ಟಿಕ್ ಸುತ್ತಿಟ್ಟ ರಿಮೋಟಿನ ಎಸಿಗೆ ಕರೆಂಟು. ಕಡಿಮೆ ಬರುತ್ತಿದ್ದರೆ ಕಾರು ಮಾರಿ, ಮಾತ್ರೆ ಬದಲಾಯಿಸಿ, ಮುಯ್ಯಿಯ ಕವರು ತೆಳ್ಳಗೆ ಮಾಡಿ. ಎರಡೂ ಸಂದರ್ಭದಲ್ಲಿ ಸೊಪ್ಪಿನವಳನ್ನು ಬಿಟ್ಟುಬಿಡಿ, ನಿಮ್ಮ ಜಮಾಖರ್ಚನ್ನು ಏರುಪೇರು ಮಾಡುವಷ್ಟು ಶಕ್ತಿ ಅವಳಿಗಿಲ್ಲ.

ಇದ್ಯಾವುದೂ ಬೇಡ, ಎಲ್ಲ ಹಾಗೇ ಇರಲಿ ಎಂದರೂ ಚಿಂತೆಯಿಲ್ಲ. ಹತ್ತು ವರ್ಷ ಯಾರೂ ಕೇಳದೆ ಉಳಿದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸಿಕೊಡುತ್ತವೆ. 2014ರಲ್ಲಿ ಆರಂಭವಾದ ಆ ನಿಧಿಯ ಹೆಸರು ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ. ಹಾಗೆ ಮರೆತುಹೋದ ಹಣವನ್ನು ವಾರಸುದಾರರು ಹುಡುಕಿಕೊಳ್ಳಲಿ ಎಂದು 2023ರಲ್ಲಿ ಉದ್ಗಮ್ ಎಂಬ ಪೋರ್ಟಲನ್ನೂ ತೆರೆದಿದ್ದಾರೆ. ನೀವು ಎರಡೆರಡು ರೂಪಾಯಿ ಉಳಿಸಿ ಕಟ್ಟಿದ ಗಂಟು ಕೊನೆಗೆ ಬೇರೆ ಠೇವಣಿದಾರರಿಗೆ ಹಣದ ಬುದ್ಧಿ ಕಲಿಸಲು ಬಳಕೆಯಾಗುತ್ತದೆ. ಆ ಬುದ್ಧಿಯನ್ನು ನೀವೇ ಈಗ ಕಲಿತುಕೊಂಡರೆ ಖರ್ಚೂ ಕಡಿಮೆ, ಫೀಸೂ ಇಲ್ಲ.